ರದ್ದುಯಾನ ಮೀಮಾಂಸೆ

ಶಾಸ್ತ್ರಗ್ರಂಥ ಎಂದಮೇಲೆ ಅನುಬಂಧ ಚತುಷ್ಟಯ ಹೇಳದೆ ಮುಂದೆ ಹೋಗುವಂತಿಲ್ಲ. ವಿಷಯ: ಕೊರೊನಾ ಕಾಲದಲ್ಲಿ ಹೊರಡದೇ ಹೋದ ಪ್ರವಾಸಗಳು. ಪ್ರಯೋಜನ: ಏನೂ ಇಲ್ಲ, ಆದ್ದರಿಂದಲೇ ಇದು ಶುದ್ಧ ಶಾಸ್ತ್ರ. ಸಂಬಂಧ: ಟಿಕೆಟ್ಟಿಗೂ ಅದನ್ನು ಕೊಂಡವನಿಗೂ ಇರುವಂಥದು. ಅಧಿಕಾರಿ ಯಾರು ಎಂಬಲ್ಲಿ ಮಾತ್ರ ತುಸು ನಿಲ್ಲಬೇಕು. 2020ರ ಬೇಸಿಗೆ ರಜಕ್ಕೆ 120 ದಿನ ಮೊದಲೇ ರೈಲು ಕಾದಿರಿಸಿ, ಕೆಳಗಿನ ಬರ್ತೇ ಸಿಕ್ಕಿತೆಂದು ನೆಂಟರಿಗೆಲ್ಲ ಫೋನ್ ಮಾಡಿ ಹೇಳಿದವನು ಉತ್ತಮಾಧಿಕಾರಿ. ತತ್ಕಾಲ್ ನಂಬಿಕೊಂಡು ಕೂತವನು ಮಧ್ಯಮ. ‘ಆಮೇಲೆ ನೋಡೋಣ ಬಿಡು’ ಎಂದವನಿಗೆ ಈ ಗ್ರಂಥ ಬೇಕಿಲ್ಲ, ಅವನು ಆಗಲೇ ಮುಕ್ತ. ಗಂಟುಮೂಟೆಯನ್ನೂ ಮಕ್ಕಳನ್ನೂ ಹೊತ್ತು ಹೆದ್ದಾರಿಯಲ್ಲಿ ನಡೆದೇ ಊರು ಹಿಡಿದವರನ್ನು ಇದರೊಳಕ್ಕೆ ಎಳೆಯುವುದಿಲ್ಲ. ಅವರ ನಡಿಗೆಯ ಪಕ್ಕದಲ್ಲಿ ನಮ್ಮ ಕೆಳಬರ್ತಿನ ದುಃಖವನ್ನಿಟ್ಟು ತೂಗಿದರೆ ಈ ಶಾಸ್ತ್ರವೇ ಉಳಿಯುವುದಿಲ್ಲ.

ಇನ್ನು ಪ್ರಮಾಣ ವಿಚಾರ. ಪ್ರಯಾಣ ರದ್ದಾಯಿತೆಂಬ ಜ್ಞಾನ ಹುಟ್ಟುವುದು ಅನುಮಾನದಿಂದ ಎನ್ನುತ್ತಾರೆ ನೈಯಾಯಿಕರು. ಹೊಗೆಯಿದ್ದಲ್ಲಿ ಬೆಂಕಿಯಿರುವಂತೆ, ಪ್ರಧಾನಿ ರಾತ್ರಿ ಎಂಟಕ್ಕೆ ಟೀವಿಯಲ್ಲಿ ಕಂಡಲ್ಲಿ ಪ್ರಯಾಣಭಂಗ. ಮಾರ್ಚ್ 19ರ ಎಂಟಕ್ಕೆ ಕಂಡರು, ಭಾನುವಾರ ಜನತಾ ಕರ್ಫ್ಯೂ. 24ರ ಎಂಟಕ್ಕೆ ಕಂಡರು, 21 ದಿನ ಲಾಕ್‌ಡೌನ್. ವ್ಯಾಪ್ತಿ ಸಿದ್ಧವಾಯಿತು, ಆಮೇಲೆ ಎಂಟು ಗಂಟೆಗಳೆಲ್ಲ ಸುಮ್ಮನೆ ಕಳೆದವೆಂದು ನಮ್ಮವರು ಏಪ್ರಿಲ್ 15ರಿಂದಾಚೆಗೆ ಧೈರ್ಯವಾಗಿ ಟಿಕೆಟ್ ತೆಗೆದರು. ಏಪ್ರಿಲ್ 14ರಂದು ಪ್ರಧಾನಿ ಬೆಳಿಗ್ಗೆ ಹತ್ತಕ್ಕೇ ಬಂದು, ಲಾಕ್‌ಡೌನನ್ನು ಮೇ 3ರವರೆಗೆ ವಿಸ್ತರಿಸಿ ಹೋದರು. ಹೊಗೆಯಿದ್ದಲ್ಲಿ ಬೆಂಕಿ ಎಂಬುದು ಸರಿಯೇ, ಆದರೆ ಬೆಂಕಿಯಿದ್ದಲ್ಲೆಲ್ಲ ಹೊಗೆ ಇರಬೇಕೆಂದಿಲ್ಲ. ಕಾದ ಕಬ್ಬಿಣದ ಗುಂಡೇ ಸಾಕ್ಷಿ. ತರ್ಕಸಂಗ್ರಹ ಓದುವ ಹುಡುಗರಿಗೂ ಗೊತ್ತಿರುವ ಮಾತು ಇದು. ನಮಗೆ ಗುಂಡನ್ನು ಕೈಯಲ್ಲಿ ಹಿಡಿದಮೇಲೆ ಗೊತ್ತಾಯಿತು.

ಶಬ್ದಪ್ರಮಾಣವನ್ನು ನೆಚ್ಚಿದವರು ಗ್ರಾಹಕ ಸೇವೆಗೆ ಫೋನ್ ಹಚ್ಚಿದರು. ಮೊದಲು ಆ ಕಾಲದ ಕಾಲರ್ ಟ್ಯೂನಿನ ಕೆಮ್ಮು, ಆಮೇಲೆ ವಾದ್ಯಸಂಗೀತ. ಆಪ್ತವಾಕ್ಯ ಮಾತ್ರ ಕೇಳಿಬರಲಿಲ್ಲ.

ಹೋಗಲಾಗಲಿಲ್ಲವೆಂದೇ ಬೇಸರ ಹುಟ್ಟುತ್ತದೆ ಎಂಬುದು ಪೂರ್ವಪಕ್ಷ. ಇದರ ಖಂಡನೆ ನಮ್ಮ ಮದುವೆ ಮನೆಗಳಲ್ಲೇ ಇದೆ. ಕಚ್ಚೆಪಂಚೆಯುಟ್ಟು, ಕೊಡೆ ಬೆತ್ತ ಹಿಡಿದು ವರ ಕಾಶಿಗೆ ಹೊರಡುತ್ತಾನೆ. ಛತ್ರದ ಬಾಗಿಲು ದಾಟಿ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಹೆಣ್ಣಿನ ತಂದೆ ಅಡ್ಡ ಬರುತ್ತಾರೆ, ಯಾತ್ರೆ ರದ್ದು. ಇಷ್ಟು ತಲೆಮಾರುಗಳ ವರರಲ್ಲಿ ಒಬ್ಬನಾದರೂ ‘ಅಯ್ಯೋ, ಕಾಶಿ ತಪ್ಪಿತಲ್ಲ’ ಎಂದು ಗೋಳಾಡಿದ್ದುಂಟೆ? ಇಲ್ಲ. ಅವನು ಟಿಕೆಟ್ ತೆಗೆದಿರಲಿಲ್ಲ. ಆದ್ದರಿಂದ ಬೇಸರಕ್ಕೆ ಉಪಾದಾನ ಕಾರಣ ಟಿಕೆಟ್ಟೇ ಹೊರತು ಕಾಶಿಯಲ್ಲ. ನಿಮಿತ್ತ ಕಾರಣ, ಎದುರುಮನೆಯವರು ಹೋದ ವರ್ಷವೇ ಹೋಗಿಬಂದದ್ದು. ದಾರಿಗೆಂದು ಕರಿದಿಟ್ಟ ಕೋಡುಬಳೆ ಸೋಫಾದ ಮೇಲೆಯೇ ಮುಗಿದುಹೋಗುವುದು ಕಾರ್ಯ.

ಈಗ ಕರ್ಮಕಾಂಡ. ವಿಮಾನ ಕಂಪನಿಗಳು ದುಡ್ಡು ಹಿಂದಿರುಗಿಸುವ ಬದಲು ‘ಕ್ರೆಡಿಟ್ ಶೆಲ್’ ಎಂಬುದೊಂದನ್ನು ಕೊಟ್ಟವು. ಲಕ್ಷಣದಲ್ಲಿ ಇದು ಪ್ರಾರಬ್ಧಕರ್ಮವೇ: ಕಣ್ಣಿಗೆ ಕಾಣದು, ಕೈಗೆ ಸಿಗದು, ಅನುಭವಿಸಿಯೇ ತೀರಿಸಬೇಕು. ಇದಕ್ಕೆ 2020ರ ಅಕ್ಟೋಬರ್ 1ರಂದು ಸುಪ್ರೀಂ ಕೋರ್ಟಿನ ಭಾಷ್ಯ ಬಂತು. ಲಾಕ್‌ಡೌನಿನಲ್ಲೇ ಕೂತು ಲಾಕ್‌ಡೌನಿನ ದಿನಗಳಿಗೇ ಟಿಕೆಟ್ ಕೊಂಡವರಿಗೆ ಪೂರ್ತಿ ಹಣ ವಾಪಸು. (ವಿಮಾನ ಹಾರದ ದಿನಕ್ಕೆ ಸೀಟು ಹಿಡಿದ ಆ ಮಹಾತ್ಮರಿಗೆ ನನ್ನ ನಮಸ್ಕಾರ.) ತಿಂಗಳುಗಟ್ಟಲೆ ಮೊದಲೇ ಕೊಂಡ ವಿವೇಕಿಗಳಿಗೆ, ಕಂಪನಿಗೆ ಹಣದ ಮುಗ್ಗಟ್ಟಿದ್ದರೆ, ಶೆಲ್ಲೇ ಗತಿ. ಆದರೆ ರದ್ದಾದ ದಿನದಿಂದ ಜೂನ್ 30ರವರೆಗೆ ತಿಂಗಳಿಗೆ ಶೇ. 0.5, ಅಲ್ಲಿಂದಾಚೆ ಶೇ. 0.75ರಂತೆ ಅದರ ಬೆಲೆ ಏರಬೇಕು. ಬೇಸರಕ್ಕೆ ಬಡ್ಡಿ ಎಂಬುದು ರಸಶಾಸ್ತ್ರದಲ್ಲೂ ಇಲ್ಲ: ಭರತಮುನಿ ಸಂಚಾರಿ ಭಾವಗಳನ್ನು 33 ಎಂದು ಎಣಿಸಿದ. ಒಂದಕ್ಕೂ ಬಡ್ಡಿ ಕಟ್ಟಿರಲಿಲ್ಲ. ಬೇಕಾದರೆ ಶೆಲ್ಲನ್ನು ಇನ್ನೊಬ್ಬರ ಹೆಸರಿಗೆ ವರ್ಗಾಯಿಸಲೂಬಹುದೆಂದು ಕೋರ್ಟು ಹೇಳಿದ್ದರಿಂದ, ‘ಮಾಡಿದ್ದುಣ್ಣೋ ಮಹರಾಯ’ ಎಂಬ ಹಳೆಯ ನಿಯಮವೂ ಸಡಿಲಾಯಿತು. ಗಡುವು 2021ರ ಮಾರ್ಚ್ 31. ಗಡುವಿಗೆ ಹೆದರಿ, ಶೆಲ್ ಮುರಿದು, ಏಪ್ರಿಲ್ ಮೇ ತಿಂಗಳಿಗೆ ಸೀಟು ಹಿಡಿದವರಿಗೆ ಎರಡನೇ ಅಲೆ ಎದುರಾಯಿತು; ಕರ್ನಾಟಕದಲ್ಲಿ ಏಪ್ರಿಲ್ 27ರ ರಾತ್ರಿಯಿಂದ ಮತ್ತೆ ಬಾಗಿಲು ಬಿತ್ತು. ಪುನರ್ಜನ್ಮವನ್ನು ಒಪ್ಪದ ಚಾರ್ವಾಕರು ಅಂದಿನಿಂದ ಈ ವಿಷಯದಲ್ಲಿ ಮೌನವಾಗಿದ್ದಾರೆ.

ಕೊನೆಯದು ಮೋಕ್ಷ ವಿಚಾರ. 2020ರ ಅಕ್ಟೋಬರ್ 10ರಂದು ಕ್ವಾಂಟಸ್ ಕಂಪನಿಯ ವಿಮಾನವೊಂದು ಸಿಡ್ನಿಯಿಂದ ಹೊರಟು, ಗ್ರೇಟ್ ಬ್ಯಾರಿಯರ್ ರೀಫ್, ಉಲುರು ಬಂಡೆಗಳ ಮೇಲೆಲ್ಲ ಸುಮಾರು ಏಳು ಗಂಟೆ ಸುತ್ತಾಡಿ, ಸಿಡ್ನಿಯಲ್ಲೇ ಇಳಿಯಿತು. ಅದರ ಟಿಕೆಟ್ಟುಗಳು ಹತ್ತೇ ನಿಮಿಷದಲ್ಲಿ ಮಾರಾಟವಾಗಿದ್ದವು. ಹೊರಟ ಊರೇ ಸೇರುವ ಊರು, ನಡುವೆ ಕಂಡದ್ದೆಲ್ಲ ಕಿಟಕಿಯಾಚೆಯ ತೋರಿಕೆ ಎಂದು ಅದ್ವೈತಿಗಳು ಹಿಗ್ಗಿದರು. ಉಡುಪಿಯ ಕಡೆಯ ಪಂಡಿತರು ಒಪ್ಪಲಿಲ್ಲ. ಊರು ಒಂದೇ ಇದ್ದೀತು, ಆದರೆ ಅತಿ ಅಗ್ಗದ ಸೀಟಿಗೇ 787 ಆಸ್ಟ್ರೇಲಿಯನ್ ಡಾಲರ್. ಕೊಟ್ಟವನಿಗೂ ಇಸಿದುಕೊಂಡವನಿಗೂ ಇರುವ ಭೇದ ನಿತ್ಯ, ಸತ್ಯ ಎಂದು ವಾದ ಹೂಡಿದರು. ಮೇಲುಕೋಟೆಯ ಕಡೆಯವರು ಎರಡು ಪಕ್ಷವನ್ನೂ ತಾಳ್ಮೆಯಿಂದ ಆಲಿಸಿ, ಆ ವಿಮಾನದಲ್ಲಿ ಮನೆಯಿಂದ ಪುಳಿಯೋಗರೆ ಒಯ್ಯಲು ಬಿಡುತ್ತಾರೆಯೇ ಎಂದು ವಿಚಾರಿಸಿದರು.