ಲಾಗಿನ್ ಆಗುತ್ತಾ ಆಗುತ್ತಾ ಕೆಡುವ ಸರ್ವರ್: ಬಳಕೆದಾರರ ಕೈಪಿಡಿ

ಹೊಸ ಆವೃತ್ತಿ ಹಾಕಿಸಿಕೊಂಡಿದ್ದಕ್ಕೆ ಅಭಿನಂದನೆಗಳು. ಒಂದು ದಿನದ ಮಟ್ಟಿಗೆ ನೆಟ್ಟಗೆ ನಡೆದ ನಿಮ್ಮ ಲಿನಕ್ಸ್ ಸರ್ವರ್, ಆಮೇಲೆ ಎಸ್‌ಎಸ್‌ಎಚ್‌ನಲ್ಲಿ ಬಂದವರನ್ನೆಲ್ಲ ಪಾಸ್‌ವರ್ಡ್ ಸರಿಯಿದ್ದರೂ ಬಾಗಿಲಲ್ಲೇ ಕಾಯಿಸುತ್ತಿದೆಯೇ? ಮೊದಲು ರೀಸ್ಟಾರ್ಟ್ ಮಾಡಿ. ಸರಿಹೋಗುತ್ತದೆ. ಸಾಕ್ಷ್ಯನಾಶ ಸಾಂಗವಾಗಿ ನೆರವೇರಿತು. ಟಿಕೆಟ್ ಮುಚ್ಚಿ, ಚಹಾ ಕುಡಿದು, ಶುಕ್ರವಾರ ಸಂಜೆಯವರೆಗೆ ಕಾಯಿರಿ.

ತೊಂದರೆ ಮತ್ತೆ ಬಂದಾಗ ಕೋಡ್ ಬರೆದವರನ್ನು ಕೇಳಿ. "ನನ್ನ ಮಷೀನಲ್ಲಿ ಚೆನ್ನಾಗಿದೆಯಲ್ಲ ಸಾರ್" ಎನ್ನುತ್ತಾರೆ. ಸುಳ್ಳಲ್ಲ. ಅವರು ಬೆಳಿಗ್ಗೆ ಒಮ್ಮೆ ಒಳಗೆ ಹೋದರೆ ಸಂಜೆಗೇ ಹೊರಬರುವವರು. ನಿಮಿಷಕ್ಕೊಮ್ಮೆ ಬಂದು ಡಿಸ್ಕ್ ನೋಡಿ ಹೋಗುವುದು ನಿಮ್ಮ ಮಾನಿಟರಿಂಗ್ ಸ್ಕ್ರಿಪ್ಟ್. ಬಂದಾಗಲೆಲ್ಲ ಒಂದೇ ಒಂದು ಫೈಲ್ ಡಿಸ್ಕ್ರಿಪ್ಟರ್ ಮುಚ್ಚದೆ ಉಳಿದರೂ, ರೂಢಿಯ 1024ರ ಮಿತಿ ಹದಿನೇಳು ಗಂಟೆಯಲ್ಲಿ ತುಂಬುತ್ತದೆ. ಉಂಡವರು ಎಲೆ ಎತ್ತದೆ ಎದ್ದುಹೋದರೆ ಮುಂದಿನ ಪಂಕ್ತಿಗೆ ಜಾಗವೆಲ್ಲಿ?

ಎಸ್‌ಎಸ್‌ಎಚ್‌ಡಿಯನ್ನು ಬೈಯುವ ಆತುರ ಬೇಡ. ಅದು ಪ್ರತಿ ಸಂಪರ್ಕಕ್ಕೂ ಬೇರೆ ಪ್ರೊಸೆಸ್ ಹುಟ್ಟಿಸುತ್ತದೆ. ಆ ಪ್ರೊಸೆಸ್ ಸತ್ತಾಗ ತೆರೆದಿಟ್ಟದ್ದನ್ನೆಲ್ಲ ಕರ್ನಲ್ ತಾನೇ ಮುಚ್ಚುತ್ತದೆ. ಸಾಯದೆ ಕೂತಿರುವವರ ಮೇಲೆ ಕಣ್ಣಿಡಿ, ಅಂದರೆ ಸೆಷನ್‌ಗಳ ಲೆಕ್ಕ ಇಡುವ ಡೀಮನ್ ಮೇಲೆ. ಫಾರ್ ಲೂಪಿನಲ್ಲಿ ಲಾಗಿನ್ ಆಗಿ, ಏನೂ ಮಾಡದೆ ಹೊರಬನ್ನಿ. ನೂರು ಸುತ್ತಿಗೊಮ್ಮೆ ಪ್ರೋಕ್‌ನೊಳಗೆ ಆ ಡೀಮನ್‌ನ ಎಫ್‌ಡಿ ಡೈರೆಕ್ಟರಿಯಲ್ಲಿರುವುದನ್ನು ಎಣಿಸಿ. ನೂರು ನೂರೇ ಏರುತ್ತಿದ್ದರೆ ಕಳ್ಳ ಸಿಕ್ಕ.

ಎಚ್ಚರಿಕೆ: ಬೇಗ ಮುಗಿಯಲೆಂದು ಲೂಪುಗಳನ್ನು ಒಟ್ಟೊಟ್ಟಿಗೆ ಓಡಿಸಬೇಡಿ. ದೃಢೀಕರಣವಾಗದ ಸಂಪರ್ಕ ಹತ್ತಾದೊಡನೆ ಓಪನ್‌ಎಸ್‌ಎಸ್‌ಎಚ್ ಹೊಸಬರಲ್ಲಿ ಶೇಕಡಾ 30ರಷ್ಟು ಮಂದಿಯನ್ನು ಯದ್ವಾತದ್ವಾ ಹೊರದಬ್ಬತೊಡಗುತ್ತದೆ. ಅದು ಬಗ್ ಅಲ್ಲ, ನಿಯಮ.

ಆಮೇಲೆ, ಕಳ್ಳನನ್ನು ಒಳಬಿಟ್ಟ ಕಮಿಟ್ ಹುಡುಕಲು ಗಿಟ್ ಬೈಸೆಕ್ಟ್. ಸಾವಿರ ಕಮಿಟ್ ಇದ್ದರೂ ಹತ್ತು ಪರೀಕ್ಷೆಯಲ್ಲಿ ಮುಗಿಯುತ್ತದೆ. ಸಿಗುವ ಕಮಿಟ್‌ನ ಹೆಸರು ಬಹುಪಾಲು "ಸಣ್ಣ ಕ್ಲೀನಪ್" ಎಂದೇ ಇರುತ್ತದೆ.

ಇಷ್ಟೊಂದು ಸಲ ಯಾರಪ್ಪಾ ಲಾಗಿನ್ ಆಗುತ್ತಾರೆ ಎನ್ನುವ ಮ್ಯಾನೇಜರಿಗೆ ಓಪನ್‌ಎಸ್‌ಎಸ್‌ಎಚ್‌ನದೇ ಕಥೆ ಹೇಳಿ. ಲಾಗಿನ್‌ಗೆ ಕೊಟ್ಟ 120 ಸೆಕೆಂಡ್ ಮುಗಿದಾಗ ಓಡುವ ಸಿಗ್ನಲ್ ಹ್ಯಾಂಡ್ಲರ್‌ನ ದೋಷವೊಂದನ್ನು 2006ರಲ್ಲೇ ಸರಿಪಡಿಸಿದ್ದರು. 2020ರಲ್ಲಿ ಲಾಗಿಂಗ್ ಕೋಡ್ ತಿದ್ದುವಾಗ ಆ ಕಾವಲು ಕಳಚಿ ಬಿತ್ತು. 2024ರ ಜುಲೈನಲ್ಲಿ ಭದ್ರತಾ ಕಂಪನಿ ಕ್ವಾಲಿಸ್ ಅದನ್ನು ಬಯಲು ಮಾಡಿತು: 32 ಬಿಟ್ ಲಿನಕ್ಸ್‌ನಲ್ಲಿ ಸರಾಸರಿ 10,000 ಯತ್ನಕ್ಕೆ ರೂಟ್ ಅಧಿಕಾರವೇ ಕೈಗೆ. ಅಷ್ಟು ತಾಳ್ಮೆ ಟೆಸ್ಟ್ ಬರೆಯುವವರಿಗೆ ಇರುವುದಿಲ್ಲ, ಕನ್ನ ಹಾಕುವವರಿಗೆ ಇರುತ್ತದೆ.

ಕೊನೆಗೆ, ನಿಮ್ಮ ಲೂಪನ್ನೇ ಟೆಸ್ಟ್ ಆಗಿ ಸೇರಿಸಿ. ಬಿಲ್ಡ್ ನಿಧಾನವಾಯಿತೆಂದು ಯಾರಾದರೂ ಅದನ್ನು ಕಮೆಂಟ್ ಮಾಡಿಡುವುದು ಖಂಡಿತ. ಪಕ್ಕದಲ್ಲಿ ಕಾರಣವನ್ನೂ, ನಿಮ್ಮ ಹೊಸ ಕಂಪನಿಯ ಈಮೇಲನ್ನೂ ಬರೆದಿಡಿ.