2018ರ ಹಿಟ್ ಗೀತೆಗಳು: ನಾಲ್ಕು ತಾಲ್ಲೂಕುಗಳ ಕಂಪನ ಮೀಮಾಂಸೆ

ಒಂದು ವರ್ಷದ ಅತ್ಯಂತ ಜನಪ್ರಿಯ ಹಾಡು ಯಾವುದೆಂದು ತೀರ್ಮಾನಿಸುವ ಶಾಸ್ತ್ರ ಹೊಸದೇನಲ್ಲ. ರೇಡಿಯೊ ಸಿಲೋನಿನಲ್ಲಿ 1952ರಲ್ಲಿ ಶುರುವಾದ ಬಿನಾಕಾ ಗೀತಮಾಲಾದಲ್ಲಿ ಅಮೀನ್ ಸಯಾನಿ ವಾರವಾರ ಹಾಡುಗಳಿಗೆ ಪಾಯ್‌ದಾನ್, ಅಂದರೆ ಮೆಟ್ಟಿಲು, ಹಂಚುತ್ತಿದ್ದರು. ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆ 1958ರಿಂದ ನೂರು ಹಾಡುಗಳ ಪಟ್ಟಿ ಕೊಡುತ್ತಿದೆ. ಮಾರಾಟ, ರೇಡಿಯೊ ಪ್ರಸಾರ, ಈಚೆಗೆ ಸ್ಟ್ರೀಮಿಂಗ್ ಎಲ್ಲವನ್ನೂ ಕೂಡಿಸಿ ಗುಣಿಸಿ ಹೇಳುತ್ತದೆ. ಆದರೆ ಈ ಎರಡೂ ಪದ್ಧತಿಗಳಲ್ಲಿ ಒಂದು ಮೂಲದೋಷವಿದೆ. ಹಾಡನ್ನು ಬೇಕೆಂದು ಕೇಳಿದವರಷ್ಟೇ ಅವಕ್ಕೆ ಲೆಕ್ಕ. ಬೇಡವೆಂದರೂ ಕೇಳಿಸಿಕೊಂಡವರ ಗತಿಯೇನು? ಪ್ರಸ್ತುತ ಪ್ರಬಂಧ ಈ ಉಪೇಕ್ಷಿತ ಸಮುದಾಯದ ಪರವಾಗಿ ಮಂಡಿಸುವ ಸಿದ್ಧಾಂತವಿಷ್ಟೆ: ತಪ್ಪಿಸಿಕೊಳ್ಳಲು ಯಾರಿಂದಲೂ ಆಗದ ಹಾಡೇ ಹಿಟ್. ಮಿಕ್ಕವೆಲ್ಲ ಬರೀ ಒಳ್ಳೆಯ ಹಾಡುಗಳು.

ಅಧ್ಯಯನದ ವ್ಯಾಪ್ತಿ, 2007ರಲ್ಲಿ ಕೋಲಾರದಿಂದ ಬೇರೆಯಾದ ಚಿಕ್ಕಬಳ್ಳಾಪುರ ಜಿಲ್ಲೆಯ ನಾಲ್ಕು ತಾಲ್ಲೂಕುಗಳು: ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ. ಬಾಗೇಪಲ್ಲಿ, ಗುಡಿಬಂಡೆಗಳನ್ನು ಯಾಕೆ ಬಿಟ್ಟಿರಿ ಎಂದು ಆ ಕಡೆಯ ವಿದ್ವಾಂಸರು ಜಗಳಕ್ಕೆ ಬರಬಹುದು. ಇಂಥ ಪ್ರಸಂಗಗಳಲ್ಲಿ ಪುಟಮಿತಿಯ ಮೇಲೆ ಹಾಕುವುದು ವಿಶ್ವವಿದ್ಯಾಲಯಗಳ ಸಂಪ್ರದಾಯ. ನಾವೂ ಹಾಗೇ ಮಾಡುತ್ತೇವೆ. ಕಾಲಮಿತಿ 2018. ಜಿಯೊ ಬಂದದ್ದು 2016ರ ಸೆಪ್ಟೆಂಬರಿನಲ್ಲಿ. ಅದಾದ ಮೇಲೆ ಮೊಬೈಲ್ ಅಂಗಡಿಯಲ್ಲಿ ದುಡ್ಡು ಕೊಟ್ಟು ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಳ್ಳುವ ಯುಗ ಮುಗಿದು, ಹಾಡೇ ಮನೆ ಹುಡುಕಿಕೊಂಡು ಬಂದು ಎರಗುವ ಯುಗ ಶುರುವಾಗಿತ್ತು.

ಆ ವರ್ಷ ಎರಗಿದ ಹಾಡುಗಳಿವು. ಫೆಬ್ರವರಿಯಲ್ಲಿ ಸೂರಿ ನಿರ್ದೇಶನದ ‘ಟಗರು’ ಬಂತು. ಚರಣ್ ರಾಜ್ ಸಂಗೀತ, ಶೀರ್ಷಿಕೆ ಗೀತೆಗೆ ತಮಿಳುನಾಡಿನ ಜನಪದ ಗಾಯಕ ಆಂಟನಿ ದಾಸನ್ ಗಂಟಲು. ಮೇ ತಿಂಗಳಲ್ಲಿ ‘ರ‍್ಯಾಂಬೋ 2’ ಚಿತ್ರದ ‘ಚುಟು ಚುಟು’: ಅರ್ಜುನ್ ಜನ್ಯ ಸಂಗೀತಕ್ಕೆ ರವೀಂದ್ರ ಸೊರಗಾವಿ, ಶಮಿತಾ ಮಲ್ನಾಡ್ ಅಪ್ಪಟ ಉತ್ತರ ಕರ್ನಾಟಕದ ಮಾತಿನಲ್ಲಿ ಹಾಡಿದ್ದು, ಯೂಟ್ಯೂಬಿನಲ್ಲಿ ಹತ್ತು ಕೋಟಿ ದಾಟಿತು. ಆಗಸ್ಟಿನಲ್ಲಿ ‘ಅಯೋಗ್ಯ’ದ ‘ಏನಮ್ಮಿ ಏನಮ್ಮಿ’; ಮತ್ತೆ ಅರ್ಜುನ್ ಜನ್ಯ. ಅದರಲ್ಲಿ ವಿಜಯ್ ಪ್ರಕಾಶ್ ಜೊತೆ ಇಂದೋರಿನ ಪಲಕ್ ಮುಚ್ಚಲ್ ಮಂಡ್ಯದ ಹೆಣ್ಣಾಗಿ ಹಾಡಿದರು. ಸಾಲದ್ದಕ್ಕೆ ಗಡಿಯಾಚೆಯಿಂದ ‘ರಂಗಸ್ಥಲಂ’ ಚಿತ್ರದ ‘ರಂಗಮ್ಮ ಮಂಗಮ್ಮ’, ಆಮೇಲೆ ‘ಗೀತ ಗೋವಿಂದಂ’ ಚಿತ್ರದಲ್ಲಿ ಸಿದ್ ಶ್ರೀರಾಮ್ ಹಾಡಿದ ‘ಇಂಕೇಂ ಇಂಕೇಂ’. ಹಿಂದೂಪುರ ಕೂಗಳತೆಯಲ್ಲಿರುವ ಗೌರಿಬಿದನೂರಿನಲ್ಲಿ ಇವನ್ನು ಪರಭಾಷಾ ಗೀತೆ ಎಂದರೆ ನಗುತ್ತಾರೆ.

ಈಗ ಪ್ರಮಾಣಗಳು. ಮೊದಲನೆಯದು ಶಿಡ್ಲಘಟ್ಟದ್ದು, ಅತ್ಯಂತ ಬಲವಾದದ್ದು. ಇಲ್ಲಿನ ರೇಷ್ಮೆಗೂಡಿನ ಮಾರುಕಟ್ಟೆ ರಾಜ್ಯದ ದೊಡ್ಡ ಮಾರುಕಟ್ಟೆಗಳಲ್ಲೊಂದು. ಹರಾಜಿನಲ್ಲಿ ಲಾಟು ಹಿಡಿದ ರೀಲರು ಗೂಡು ತಂದು ಬೇಯಿಸಿ ನೂಲು ಬಿಚ್ಚಿಸುತ್ತಾರೆ. ಬೇಸಿನ್ ಮುಂದೆ ಕೂತ ಹೆಣ್ಣುಮಗಳನ್ನು ಹತ್ತಿರದಿಂದ ನೋಡಬೇಕು. ಬೆಂದ ಗೂಡುಗಳು ಬಿಸಿನೀರಿನಲ್ಲಿ ಕುಣಿಯುತ್ತಿರುತ್ತವೆ. ಕಣ್ಣಿಗೆ ಸರಿಯಾಗಿ ಕಾಣದ ಎಳೆಯ ತುದಿಯನ್ನು ಬೆರಳಲ್ಲೇ ಹುಡುಕಿ, ನಾಲ್ಕಾರು ಎಳೆ ಕೂಡಿಸಿ ರಾಟೆಗೆ ಕೊಡಬೇಕು; ಒಂದು ಗೂಡು ಮುಗಿದರೆ ಇನ್ನೊಂದರ ಎಳೆ ಎಸೆದು ಸೇರಿಸಬೇಕು. ಬೆಳಗಿನಿಂದ ಸಂಜೆವರೆಗೆ ಕೈ ನೀರಿನಲ್ಲಿ. ಮೊಬೈಲು ಕಿಟಕಿಯಲ್ಲಿ ಹಾಡುತ್ತಿರುತ್ತದೆ, ಆದರೆ ಒದ್ದೆ ಬೆರಳಿಗೆ ಅದರ ಗಾಜು ಓಗೊಡುವುದಿಲ್ಲ. ಒರೆಸಿಕೊಂಡು ಎದ್ದರೆ ಅಷ್ಟರಲ್ಲಿ ಎಳೆ ತುಂಡು. ಹೀಗಾಗಿ ಒಂದು ಹಾಡು ಮುಗಿದ ಮೇಲೆ ಯಾವುದು ಬರಬೇಕೆಂಬುದು ಆಕೆಯ ಕೈಲಿಲ್ಲ, ಯೂಟ್ಯೂಬಿನ ಕೈಲಿದೆ. ಅದೋ, ಒಮ್ಮೆ ಮುಟ್ಟಿದ್ದನ್ನೇ ಮತ್ತೆ ಮತ್ತೆ ಬಡಿಸುವ ಅತ್ತೆಯ ಜಾತಿ. ‘ಚುಟು ಚುಟು’ವಿನ ಹತ್ತು ಕೋಟಿಯಲ್ಲಿ ಶಿಡ್ಲಘಟ್ಟದ ಒದ್ದೆ ಕೈಗಳ ಪಾಲೆಷ್ಟು ಎಂಬುದನ್ನು ರಸಿಕತೆಯ ಖಾತೆಗೆ ಬರೆಯದೆ ರೇಷ್ಮೆ ಇಲಾಖೆಯ ಖಾತೆಗೆ ಬರೆಯುವುದು ನ್ಯಾಯ.

ಎರಡನೆಯ ಪ್ರಮಾಣ ಚಿಂತಾಮಣಿಯಿಂದ ಬೆಂಗಳೂರಿಗೆ ಹೋಗುವ ಪ್ರೈವೇಟ್ ಬಸ್ಸು. ಡ್ರೈವರನ ಪೆನ್‌ಡ್ರೈವು ಇಲ್ಲಿ ಸಂವಿಧಾನ, ತಿದ್ದುಪಡಿಗೆ ಅವಕಾಶವಿಲ್ಲ. ಮುಂದಿನ ಸೀಟಿನ ಮುದುಕಿ ತೆಲುಗಿನಲ್ಲಿ “ಸೌಂಡು ತಗ್ಗಿಂಚು ನಾಯ್ನಾ” ಅನ್ನುತ್ತಾಳೆ. ಡ್ರೈವರು ಕನ್ನಡದಲ್ಲಿ “ಆಯ್ತಜ್ಜೀ” ಅನ್ನುತ್ತಾನೆ. ಹಾಡು ಧಾರವಾಡದ ಕಡೆಯ ಮಾತಿನಲ್ಲಿ ಅಷ್ಟೇ ಜೋರಾಗಿ ಮುಂದುವರಿಯುತ್ತದೆ. ತ್ರಿಭಾಷಾ ಸೂತ್ರ ಇಷ್ಟು ಸಲೀಸಾಗಿ ಜಾರಿಯಲ್ಲಿರುವ ಇನ್ನೊಂದು ಜಾಗ ನಮ್ಮ ಗಮನಕ್ಕೆ ಬಂದಿಲ್ಲ.

ಚಿಕ್ಕಬಳ್ಳಾಪುರದ ಹೂವಿನ ಮಾರುಕಟ್ಟೆಯ ಬಗ್ಗೆ ಹೆಚ್ಚು ಹೇಳುವಂತಿಲ್ಲ. ಅಲ್ಲಿ ಸೇವಂತಿಗೆ ದರ ಕೂಗುವ ಗಂಟಲುಗಳ ಮುಂದೆ ಯಾವ ಅರ್ಜುನ್ ಜನ್ಯ ನಿಂತಾರು?

ಗೌರಿಬಿದನೂರಿನಲ್ಲಿ ಮಾತ್ರ ಅಧ್ಯಯನಕ್ಕೆ ನಿಜವಾದ ಯಂತ್ರಬಲ ಸಿಗುತ್ತದೆ. ದೂರದೇಶಗಳ ಭೂಕಂಪ ಮತ್ತು ಭೂಗರ್ಭದ ಅಣುಸ್ಫೋಟಗಳನ್ನು ಪತ್ತೆಹಚ್ಚಲು ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಕಂಪನಮಾಪಕ ಜಾಲ 1960ರ ದಶಕದಿಂದ ಇಲ್ಲಿದೆ. ಖಂಡಾಂತರದ ಬಾಂಬು ಹಿಡಿಯುವ ಕಿವಿಗೆ 2018ರ ಸೆಪ್ಟೆಂಬರ್ 13ರ ಗಣೇಶ ಚೌತಿಯ ನಂತರದ ಮೆರವಣಿಗೆಗಳು, ಟ್ರ್ಯಾಕ್ಟರ್ ಟ್ರೈಲರಿನ ಮೇಲೆ ಪೇರಿಸಿದ ಬೇಸ್ ಬಾಕ್ಸುಗಳು ಕೇಳಿಸದೆ ಇದ್ದೀತೆ? ಭೂಕಂಪ ಶಾಸ್ತ್ರಜ್ಞರು ವಾಹನ, ಯಂತ್ರ, ಜನಸಂದಣಿಯಿಂದ ಹುಟ್ಟುವ ಅದುರನ್ನು ಸಾಂಸ್ಕೃತಿಕ ಗದ್ದಲವೆಂದೇ ಕರೆದು ಸೋಸಿ ಎಸೆಯುತ್ತಾರೆ. ನಮಗೆ ಬೇಕಾಗಿರುವುದು ಅವರ ಆ ಕಸದ ಬುಟ್ಟಿಯೇ. ವರ್ಷದ ಪಟ್ಟಿಯನ್ನು ಅದರಿಂದ ತೆಗೆದರೆ ಬಿಲ್‌ಬೋರ್ಡಿಗಿಂತ ಪ್ರಾಮಾಣಿಕವಾಗಿರುತ್ತದೆ. (ಇದೇ ತಾಲ್ಲೂಕಿನ ರೇಡಿಯೊ ದೂರದರ್ಶಕ ಸೂರ್ಯನ ಅಲೆಗಳನ್ನು ಆಲಿಸುತ್ತದೆ. ಸೂರ್ಯನನ್ನು ಕೇಳಿಸಿಕೊಳ್ಳಲು ಆಂಟೆನಾಗಳ ಸಾಲೇ ಬೇಕು. ಆದ್ದರಿಂದ ಅವನು ಹಿಟ್ ಅಲ್ಲ.)

ಕಾನೂನು 2000ದ ಶಬ್ದಮಾಲಿನ್ಯ ನಿಯಮಗಳ ಮೂಲಕ ವಸತಿ ಪ್ರದೇಶಕ್ಕೆ ಹಗಲು 55 ಡೆಸಿಬೆಲ್, ರಾತ್ರಿ 45 ಡೆಸಿಬೆಲ್ ಎಂದು ಮಿತಿ ಹಾಕಿದೆ. ಡಿಜೆಯವರು ಇದನ್ನು ಕನಿಷ್ಠ ಮಿತಿಯೆಂದು ಅರ್ಥೈಸಿಕೊಂಡಂತಿದೆ. ಡಿಜೆಗೆ ಮುಂಚೆ ಬೀದಿ ಅದುರಿಸುವ ಕೆಲಸ ತಮಟೆಯದಾಗಿತ್ತು. 2023ರಲ್ಲಿ ಪದ್ಮಶ್ರೀ ಪಡೆದ ತಮಟೆ ಕಲಾವಿದ ಮುನಿವೆಂಕಟಪ್ಪ ಇದೇ ಜಿಲ್ಲೆಯವರು. ಬೆಂಕಿಗೆ ಹಿಡಿದು ಕಾಯಿಸಿದ ಚರ್ಮದ ಏಟು ಎದೆಗೆ ನಾಟುತ್ತದೆ, ಮನೆಯ ಗಾಜಿಗಲ್ಲ. ಇದು ಪ್ರಬಂಧಕಾರನ ಖಾಸಗಿ ಅಭಿಪ್ರಾಯ. ಮಾರ್ಗದರ್ಶಕರು ಇದ್ದಿದ್ದರೆ ಹೊಡೆದುಹಾಕುತ್ತಿದ್ದರು.

ಇನ್ನು ಫಲಿತಾಂಶ, ಅದು ಸ್ವಲ್ಪ ಕಹಿ. 2018 ಆಡುಮಾತಿನ ವರ್ಷ. ಉತ್ತರ ಕರ್ನಾಟಕದ ಮಾತು ಗೆದ್ದಿತು, ಮಂಡ್ಯದ ಮಾತು ಗೆದ್ದಿತು, ಗೋದಾವರಿ ತೀರದ ತೆಲುಗೂ ಗೆದ್ದಿತು. ಅವನ್ನೆಲ್ಲ ಗೆಲ್ಲಿಸಲು ಬಸ್ಸು, ಬೇಸಿನ್ನು, ಟ್ರ್ಯಾಕ್ಟರು ಕೊಟ್ಟ ಈ ಸೀಮೆಯ ಮಾತಿನಲ್ಲಿ ಮಾತ್ರ ಆ ಹಿಟ್‌ಗಳಲ್ಲಿ ಒಂದೂ ಇಲ್ಲ. ವಾಕ್ಯ ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುವ ಮಾತು ಪಲ್ಲವಿಗೆ ಒಗ್ಗುವುದಿಲ್ಲ ಎನ್ನುವ ಪೂರ್ವಪಕ್ಷ ನಿಲ್ಲುವುದಿಲ್ಲ. ಚಿಂತಾಮಣಿ ತಾಲ್ಲೂಕಿನ ಕೈವಾರದಲ್ಲಿ ಬಳೆ ಮಾರಿ ಬದುಕುತ್ತಿದ್ದ ಯೋಗಿ ನಾರೇಯಣರು ಎರಡೂ ಭಾಷೆಯಲ್ಲಿ ಹಾಡು ಕಟ್ಟಿದರು. ಯಾವ ಪಟ್ಟಿಗೂ ಸೇರದ ಆ ತಾತಯ್ಯನ ತತ್ವಗಳನ್ನು ಇವತ್ತಿಗೂ ಗುರುಪೂರ್ಣಿಮೆಯ ಸಂಗೀತೋತ್ಸವದಲ್ಲಿ ಜನ ಬೇಕೆಂದೇ ಕೂತು ಕೇಳುತ್ತಾರೆ. ಇದು ನಮ್ಮ ಸಿದ್ಧಾಂತಕ್ಕೆ ತುಸು ತೊಡಕು. ಮುಂದಿನ ಸಂಶೋಧಕರು ನೋಡಿಕೊಳ್ಳಲಿ.

ಗಾಂಧಿನಗರದ ಗೀತರಚನೆಕಾರರಲ್ಲಿ ಇಷ್ಟೇ ವಿನಂತಿ: ನಮ್ಮ ಕಡೆಯ ಮಾತಿನಲ್ಲಿ ಒಂದು ಹಾಡು ಬರೆಯಿರಿ. ಹೀರೊ ಟೊಮೆಟೊ ಲೋಡಿನ ಡ್ರೈವರಾಗಿರಲಿ, ಹೀರೊಯಿನ್ನು ಹಿಪ್ಪುನೇರಳೆ ತೋಟದಲ್ಲಿ ನಿಂತು ತೆಲುಗಿನಲ್ಲಿ ಬೈಯಲಿ. ಆದರೆ ನಾಲ್ಕು ನಿಮಿಷಕ್ಕೆ ಮುಗಿಸಿ. ಬೇಸರವಾದರೂ ಬದಲಿಸಲು ಶಿಡ್ಲಘಟ್ಟದಲ್ಲಿ ಯಾರ ಕೈಯೂ ಒಣಗಿರುವುದಿಲ್ಲ.