ಕಣ್ಣಿಗೆ ಕಾಣದ ಖರ್ಚು

ಆನ್‌ಲೈನಿನಲ್ಲಿ ಕನ್ನಡಕ ಮಾರುವವರ ಜಾಣತನವೆಲ್ಲ ನಿಂತಿರುವುದು ಗಿರಾಕಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ ಎಂಬ ಭರವಸೆಯ ಮೇಲೆ. ಫ್ರೇಮಿನ ಬೆಲೆ ದಪ್ಪಕ್ಷರದಲ್ಲಿ, ‘ಲೆನ್ಸ್ ಪ್ರತ್ಯೇಕ’ ಎಂಬುದು ಇರುವೆ ಸಾಲಿನಂಥ ಅಕ್ಷರದಲ್ಲಿ. ಲೆನ್ಸಿಲ್ಲದ ಫ್ರೇಮನ್ನು ನಾಟಕದಲ್ಲಿ ಮೇಷ್ಟ್ರ ಪಾತ್ರ ಹಾಕುವವರು ಬಿಟ್ಟರೆ ಇನ್ಯಾರು ಕೊಳ್ಳುತ್ತಾರೆ? ಆಮೇಲೆ ಗೀರು ಬೀಳದ ಲೇಪ, ಪ್ರತಿಫಲನ ತಡೆಯುವ ಲೇಪ, ನೀಲಿ ಬೆಳಕಿನ ಲೇಪ. ಪವರ್ ಜಾಸ್ತಿಯಿದ್ದರೆ ತೆಳು ಲೆನ್ಸು. ಕೊನೆಗೆ ಪ್ಯಾಕಿಂಗ್, ಸಾಗಣೆ. ನೀಲಿ ಲೇಪದಿಂದ ಕಂಪ್ಯೂಟರ್ ನೋಡುವ ಕಣ್ಣಿನ ಆಯಾಸ ಇಳಿಯುವುದು ಅನುಮಾನ ಎಂದು ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ 2023ರ ವಿಮರ್ಶೆ ಹೇಳಿದೆ. ಜೇಬಿನ ಭಾರವಂತೂ ಇಳಿಯುತ್ತದೆ. ಅದೇ ವರ್ಷ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಆನ್‌ಲೈನ್ ವ್ಯಾಪಾರದ 13 ಬಗೆಯ ಕಣ್ಕಟ್ಟುಗಳನ್ನು ಪಟ್ಟಿ ಮಾಡಿ ನಿಷೇಧಿಸಿತು. ಬೆಲೆಯನ್ನು ತೊಟ್ಟು ತೊಟ್ಟಾಗಿ ಬಿಚ್ಚುವುದೂ ಕೇಳದ್ದನ್ನು ಬುಟ್ಟಿಗೆ ಸೇರಿಸುವುದೂ ಅದರಲ್ಲಿವೆ.

ಅಂಗಡಿಯವನೇನು ಧರ್ಮಕ್ಕೆ ಕೊಡುತ್ತಾನಾ ಎನ್ನಬಹುದು. ಇಲ್ಲ, ಅವನೂ ಚೆನ್ನಾಗಿಯೇ ಕೀಳುತ್ತಾನೆ. ಆದರೆ ಎರಡು ಪಾಪೆಗಳ ನಡುವಿನ ಅಂತರವನ್ನು ಅವನೇ ಅಳೆಯುತ್ತಾನೆ, ಕಿವಿಗೆ ಒತ್ತುವ ಕಡ್ಡಿಯನ್ನು ಬಿಸಿ ಮಾಡಿ ಬಗ್ಗಿಸಿಕೊಡುತ್ತಾನೆ. ಆನ್‌ಲೈನಿನಲ್ಲಾದರೆ ಕನ್ನಡಕ ತೆಗೆದಿಟ್ಟು, ಕನ್ನಡಿಯೆದುರು ಸ್ಕೇಲು ಹಿಡಿದು, ಮಂಜುಮಂಜಾದ ಮಿಲಿಮೀಟರುಗಳನ್ನು ನಾವೇ ಎಣಿಸಬೇಕು. ಅಳತೆ ತಪ್ಪಿದರೆ, ‘ನಿಮಗಾಗಿಯೇ ಮಾಡಿದ್ದು, ವಾಪಸಿಲ್ಲ’ ಎನ್ನುವವರೂ ಉಂಟು. ಮನೆಬಾಗಿಲಿಗೇ ಬರುತ್ತದಲ್ಲ ಎಂಬ ಸಮಾಧಾನವೂ ಪಾರ್ಸೆಲ್ ಯಾವುದೋ ಗೋದಾಮಿನಲ್ಲಿ ಮಲಗುವವರೆಗೆ ಮಾತ್ರ. ಹಳೆಯದು ಮುರಿದದ್ದಕ್ಕೇ ಹೊಸದಕ್ಕೆ ಆರ್ಡರ್ ಕೊಟ್ಟವರು ಟ್ರ್ಯಾಕಿಂಗ್ ಸಂದೇಶವನ್ನು ಪಕ್ಕದ ಮನೆ ಹುಡುಗನ ಕೈಲಿ ಓದಿಸಿಕೊಳ್ಳಬೇಕು.